ಮೊದಲ ಡ್ಯುಯಲ್ ಸ್ಪೋರ್ಟ್ ಬೈಕು: ನೀವೊಬ್ಬರೇ ಎತ್ತಬಲ್ಲದನ್ನು ಆರಿಸಿ

ನಾನು ಮೊದಲ ಸಲ ಕಾಡುದಾರಿಗೆ ಇಳಿದದ್ದು 210 ಕೆಜಿ ತೂಕದ ಬೈಕಿನಲ್ಲಿ. ಡಾಂಬರಿನ ಮೇಲೆ ಅದು ಚೆನ್ನಾಗಿಯೇ ಓಡುತ್ತಿತ್ತು. ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ಜಾರಿತು, ಬೈಕು ಇಳಿಜಾರಿನ ಕಡೆಗೆ ಮಲಗಿತು. ಮೂರು ಸಲ ಎತ್ತಲು ನೋಡಿದೆ, ಆಗಲಿಲ್ಲ. ಯಾರಾದರೂ ಬರಲಿ ಎಂದು ಮುಕ್ಕಾಲು ಗಂಟೆ ಅಲ್ಲೇ ಕೂತೆ. ಬೈಕಿಗೆ ಏನೂ ಆಗಿರಲಿಲ್ಲ, ನನಗೂ ಪೆಟ್ಟಾಗಿರಲಿಲ್ಲ. ಆದರೆ ಮಿಕ್ಕ ದಾರಿಯನ್ನು ಹೆದರಿಕೊಂಡೇ ಓಡಿಸಿದೆ. ಹೆದರಿದ ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತದೆ, ಬಿಗಿಯಾಗಿ ಹಿಡಿದರೆ ಮುಂದಿನ ಚಕ್ರ ತನ್ನ ದಾರಿ ತಾನು ಹುಡುಕಿಕೊಳ್ಳಲು ಆಗುವುದಿಲ್ಲ, ಆಗ ಮತ್ತೆ ಬೀಳುತ್ತೀರಿ.

ಅದಕ್ಕೇ ಹೊಸಬರು ಯಾವ ಬೈಕು ತಗೊಳ್ಳಲಿ ಎಂದು ಕೇಳಿದಾಗ ನಾನು ಸಿಸಿಯಿಂದ ಮಾತು ಶುರು ಮಾಡುವುದಿಲ್ಲ. ಮೊದಲು ತೂಕ, ಆಮೇಲೆ ಸೀಟಿನ ಎತ್ತರ, ಎಂಜಿನ್ ಮೂರನೆಯದು. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ಹೆಸರಿನ ಬಗ್ಗೆ ಒಂದು ಮಾತು. ಡ್ಯುಯಲ್ ಸ್ಪೋರ್ಟ್ ಅಂದರೆ ನಂಬರ್ ಪ್ಲೇಟು, ಹೆಡ್‌ಲೈಟು, ಇಂಡಿಕೇಟರು, ಕನ್ನಡಿ ಎಲ್ಲ ಇದ್ದು ರಸ್ತೆಯಲ್ಲಿ ಓಡಿಸಲು ಕಾನೂನಿನ ಒಪ್ಪಿಗೆ ಇರುವ, ಕಲ್ಲುಮಣ್ಣಿನ ದಾರಿಗೂ ಇಳಿಯಬಲ್ಲ ಹಗುರ ಬೈಕು. ಬರೀ ಮಣ್ಣಿಗೆಂದೇ ಮಾಡಿದ ಡರ್ಟ್ ಬೈಕು ಬೇರೆ. ದೂರದ ಪಯಣದ ಅಡ್ವೆಂಚರ್ ಬೈಕೂ ಬೇರೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196 ಕೆಜಿ ತೂಗುತ್ತದೆ, ಯಮಹಾ ಎಕ್ಸ್‌ಟಿ250 ಸುಮಾರು 132 ಕೆಜಿ. ಎರಡೂ ಮಣ್ಣಿನಲ್ಲಿ ಓಡುತ್ತವೆ. ನಡುವೆ ಇರುವ 64 ಕೆಜಿ ಅಂದರೆ ಹಿಂದೆ ಇನ್ನೊಬ್ಬ ಮನುಷ್ಯ ಕೂತಷ್ಟು ಭಾರ.

ಹೆಜ್ಜೆ 1: ಎಲ್ಲಿ ಓಡಿಸುತ್ತೀರಿ, ಬರೆದಿಡಿ

ಒಂದು ಹಾಳೆ ತಗೊಳ್ಳಿ. ತಿಂಗಳಲ್ಲಿ ಎಷ್ಟು ಕಿಲೋಮೀಟರ್ ಡಾಂಬರು, ಎಷ್ಟು ಮಣ್ಣುರಸ್ತೆ, ಎಷ್ಟು ನಿಜವಾದ ಕಾಲುದಾರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಮನಸ್ಸಿನಲ್ಲಿರುವ ಕನಸಿನ ಸವಾರಿ ಬೇಡ, ನಿಜಕ್ಕೂ ಆಗುವುದನ್ನು ಬರೆಯಿರಿ. ಕಾಲುದಾರಿ ತಲುಪಲು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೋಗಲೇಬೇಕು ಅಂದರೆ 150 ಸಿಸಿಯ ಬೈಕು ನಿಮ್ಮನ್ನು ದಣಿಸುತ್ತದೆ. ಕಾಲುದಾರಿ ಮನೆಯ ಹತ್ತಿರವೇ ಇದ್ದರೆ ಅದೇ ಬೈಕು ಸಾಕು.

ಹೆಜ್ಜೆ 2: ತೂಕ

ಹೊಸಬರಿಗೆ ನನ್ನ ಮಿತಿ 145 ಕೆಜಿ. ಪೆಟ್ರೋಲು, ಆಯಿಲ್ ಎಲ್ಲ ತುಂಬಿದ ಮೇಲಿನ ಲೆಕ್ಕ ಇದು. ಕಂಪನಿಯವರು ಕೆಲವೊಮ್ಮೆ ಒಣ ತೂಕವನ್ನು ಮಾತ್ರ ಹೇಳುತ್ತಾರೆ, ಹೋಲಿಸುವಾಗ ಎರಡೂ ಬೈಕಿನದು ಒಂದೇ ರೀತಿಯ ತೂಕವೇ ಎಂದು ನೋಡಿಕೊಳ್ಳಿ.

ತೂಕ ಯಾಕೆ ಇಷ್ಟು ಮುಖ್ಯ? ಕಾಲುದಾರಿಯಲ್ಲಿ ವೇಗ ಕಡಿಮೆ. ಗಂಟೆಗೆ 10 ಕಿಲೋಮೀಟರಿನಲ್ಲಿ ಚಕ್ರ ತಿರುಗುವುದರಿಂದ ಸಿಗುವ ಆಸರೆ ಹೆಚ್ಚೇನೂ ಇರುವುದಿಲ್ಲ. ಬೈಕು ಪಕ್ಕಕ್ಕೆ ವಾಲಿದಾಗ ತಡೆಯುವುದು ನಿಮ್ಮ ಒಂದು ಕಾಲು. ಹಗುರ ಬೈಕಾದರೆ ಆ ಕಾಲು ತಡೆಯುತ್ತದೆ. ಭಾರದ ಬೈಕಾದರೆ ಒಂದು ಹಂತ ದಾಟಿದ ಮೇಲೆ ಬಿಟ್ಟುಬಿಡುವುದೊಂದೇ ದಾರಿ, ಹಿಡಿಯಲು ಹೋದರೆ ಮಂಡಿ ಅಥವಾ ಬೆನ್ನು ಹೋಗುತ್ತದೆ. ಇನ್ನೊಂದು ವಿಷಯ ಸುಸ್ತು. ಬೀಳುವುದು ಹೆಚ್ಚಾಗಿ ದಿನದ ಕೊನೆಯಲ್ಲಿ, ಕೈ ಸೋತ ಮೇಲೆ. ಹಗುರ ಬೈಕು ಆ ಹೊತ್ತನ್ನು ಒಂದೆರಡು ಗಂಟೆ ಮುಂದಕ್ಕೆ ತಳ್ಳುತ್ತದೆ, ಅಷ್ಟರಲ್ಲಿ ಮನೆ ಸೇರಿರುತ್ತೀರಿ.

ತೂಕ ಎಲ್ಲಿ ಕೂತಿದೆ ಎಂಬುದನ್ನೂ ನೋಡಿ. ಒಂದೇ ತೂಕದ ಎರಡು ಬೈಕಿನಲ್ಲಿ ಟ್ಯಾಂಕು, ಸೈಲೆನ್ಸರ್ ಎತ್ತರದಲ್ಲಿ ಇರುವುದು ಕೈಗೆ ಜಾಸ್ತಿ ಭಾರ ಎನಿಸುತ್ತದೆ. ಇದು ಕಾಗದದ ಮೇಲೆ ಗೊತ್ತಾಗುವುದಿಲ್ಲ. ಸೀಟಿನ ಮೇಲೆ ಕೂತು ಬೈಕನ್ನು ಎಡಕ್ಕೆ ಬಲಕ್ಕೆ ವಾಲಿಸಿ. ಕೆಳಗಿಳಿದು ಹಿಂದಕ್ಕೆ ತಳ್ಳಿ, ಸಣ್ಣ ಏರಿನಲ್ಲಿ ಮುಂದಕ್ಕೆ ತಳ್ಳಿ. ತಳ್ಳುವಾಗಲೇ ಏದುಸಿರು ಬಂದರೆ ಅದು ನಿಮ್ಮ ಬೈಕಲ್ಲ.

ಹೆಜ್ಜೆ 3: ಸೀಟಿನ ಎತ್ತರ

ಎಷ್ಟೋ ಜನ ಇಲ್ಲಿಯೇ ಹಿಂದೆ ಸರಿಯುತ್ತಾರೆ. ಕಾಗದದಲ್ಲಿ 880 ಮಿಮೀ ಎಂದು ಓದಿದ ತಕ್ಷಣ ಇದು ನನಗಲ್ಲ ಅಂದುಬಿಡುತ್ತಾರೆ. ಸ್ವಲ್ಪ ತಾಳಿ. ಡ್ಯುಯಲ್ ಸ್ಪೋರ್ಟ್ ಬೈಕಿನ ಸಸ್ಪೆನ್ಷನ್ ಮೆತ್ತಗಿರುತ್ತದೆ, ನೀವು ಕೂತ ತಕ್ಷಣ ಕೆಲವು ಸೆಂಟಿಮೀಟರ್ ಕುಸಿಯುತ್ತದೆ. ಸೀಟು ಕಿರಿದಾಗಿರುವುದರಿಂದ ಕಾಲು ನೇರ ಕೆಳಗೆ ಹೋಗುತ್ತದೆ. ಅಗಲ ಸೀಟಿನ 820 ಮಿಮೀ ಬೈಕಿಗಿಂತ ಕಿರಿದು ಸೀಟಿನ 850 ಮಿಮೀ ಬೈಕಿನಲ್ಲಿ ಕಾಲು ಚೆನ್ನಾಗಿ ಎಟುಕಿದ್ದನ್ನು ನಾನೇ ನೋಡಿದ್ದೇನೆ.

ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು ಎಂಬ ನಿಯಮ ಎಲ್ಲೂ ಇಲ್ಲ. ಸೊಂಟವನ್ನು ಒಂದು ಬದಿಗೆ ಜಾರಿಸಿ ಒಂದು ಪಾದವನ್ನು ಗಟ್ಟಿಯಾಗಿ ಊರಿದರೆ ಆಯಿತು. ಎರಡೂ ಕಾಲಿನ ಬೆರಳ ತುದಿ ಮಾತ್ರ ತಾಗುವುದಕ್ಕಿಂತ ಇದು ಎಷ್ಟೋ ಭದ್ರ. ಆದರೂ ಹೊಸಬರಿಗೆ ತಗ್ಗು ಸೀಟು ಧೈರ್ಯ ಕೊಡುತ್ತದೆ, ಧೈರ್ಯ ಸಣ್ಣ ವಿಷಯವಲ್ಲ. ಕಲ್ಲುಗಳ ನಡುವೆ ಕಾಲು ಊರಿದ ಜಾಗ ತಗ್ಗಾಗಿದ್ದರೆ ಅಲ್ಲಿ ಇನ್ನೂ ನಾಲ್ಕು ಬೆರಳಷ್ಟು ಹೆಚ್ಚು ಎಟುಕಬೇಕಾಗುತ್ತದೆ, ಅಲ್ವಾ.

ತಗ್ಗಿಸಲೇಬೇಕು ಅಂದರೆ ಮೊದಲು ಸೀಟಿನ ಫೋಮ್ ಕಡಿಮೆ ಮಾಡಿಸಿ. ಹಿಂದಿನ ಸಸ್ಪೆನ್ಷನ್ನನ್ನು ಹಿಡಿದಿರುವ ಲಿಂಕ್ ಬದಲಿಸಿ ಬೈಕನ್ನೇ ಇಳಿಸುವುದು ಕೊನೆಯ ಉಪಾಯ. ಹಾಗೆ ಮಾಡಿದರೆ ನೆಲದಿಂದ ಎಂಜಿನ್ನಿಗೆ ಇರುವ ಅಂತರವೂ ಕಡಿಮೆಯಾಗುತ್ತದೆ. ಮುಂದಿನ ಫೋರ್ಕನ್ನೂ ಅದೇ ಲೆಕ್ಕದಲ್ಲಿ ಇಳಿಸಬೇಕು, ಸೈಡ್ ಸ್ಟ್ಯಾಂಡನ್ನೂ ಗಿಡ್ಡ ಮಾಡಿಸಬೇಕು, ಇಲ್ಲದಿದ್ದರೆ ನಿಲ್ಲಿಸಿದ ಬೈಕು ಆ ಕಡೆಗೆ ಉರುಳುತ್ತದೆ.

ಹೆಜ್ಜೆ 4: ಎಂಜಿನ್

150ರಿಂದ 300 ಸಿಸಿ. ಇಷ್ಟರೊಳಗೆ ಯಾವುದಾದರೂ ಸರಿ. ಕಾಲುದಾರಿಯಲ್ಲಿ ಬೇಕಾಗುವುದು ಕಡಿಮೆ ಆರ್‌ಪಿಎಂನಲ್ಲಿ ಮುಗ್ಗರಿಸದೆ ಎಳೆಯುವ ಎಂಜಿನ್. ಅಶ್ವಶಕ್ತಿಯ ಅಂಕಿ ನೋಡಿ ಮರುಳಾಗಬೇಡಿ, ಆ ಶಕ್ತಿ ಸಿಗುವುದು ಎಂಜಿನ್ ಜೋರಾಗಿ ಕೂಗುವಾಗ. ಕೊರಕಲಿನಲ್ಲಿ ಯಾರೂ ಹಾಗೆ ಓಡಿಸುವುದಿಲ್ಲ.

ಏರ್ ಕೂಲ್ಡ್ ಎಂಜಿನ್ ಸರಳ. ರೇಡಿಯೇಟರ್ ಇಲ್ಲ, ಬಿದ್ದಾಗ ಬಾಗುವುದಕ್ಕೂ ಸೋರುವುದಕ್ಕೂ ಏನೂ ಇಲ್ಲ. ಲಿಕ್ವಿಡ್ ಕೂಲ್ಡ್ ಆದರೆ ಹೆದ್ದಾರಿಯಲ್ಲಿ ಹೆಚ್ಚು ಹೊತ್ತು ಜೋರಾಗಿ ಓಡಿಸಬಹುದು, ನಿಧಾನದ ಕಡಿದಾದ ಏರಿನಲ್ಲಿ ಫ್ಯಾನ್ ನೆರವಿಗೆ ಬರುತ್ತದೆ, ಆದರೆ ರೇಡಿಯೇಟರಿಗೆ ಗಾರ್ಡ್ ಹಾಕಿಸಬೇಕು. ಕಾರ್ಬುರೇಟರ್ ಇದ್ದರೆ ನೀವೇ ಬಿಚ್ಚಿ ತೊಳೆಯಬಹುದು, ಆದರೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಪೆಟ್ರೋಲು ಅಂಟಾಗಿ ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತು, ಕಟ್ಟಿಕೊಳ್ಳುತ್ತದೆ. ಎತ್ತರದ ಬೆಟ್ಟದಲ್ಲಿ ಗಾಳಿ ತೆಳುವಾದಂತೆ ಅದರ ಮಿಶ್ರಣವೂ ಹದ ತಪ್ಪುತ್ತದೆ. ಫ್ಯೂಯಲ್ ಇಂಜೆಕ್ಷನ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಬ್ಯಾಟರಿ ಮಾತ್ರ ಚೆನ್ನಾಗಿರಬೇಕು. ಹೊಸಬರಿಗೆ ನನ್ನ ಸಲಹೆ ಇಂಜೆಕ್ಷನ್.

ಗೇರಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಸ್ತೆಗೂ ಒಪ್ಪುವಂತೆ ಮಾಡಿದ ಬೈಕಿನ ಮೊದಲ ಗೇರು ಸಾಮಾನ್ಯವಾಗಿ ಕಾಲುದಾರಿಗೆ ಸ್ವಲ್ಪ ಉದ್ದ. ನಡೆಯುವ ವೇಗದಲ್ಲಿ ಹೋಗಬೇಕೆಂದರೆ ಕ್ಲಚ್ ಒತ್ತಿಯೇ ಇರಬೇಕಾಗುತ್ತದೆ. ಇದಕ್ಕೆ ಅಗ್ಗದ ಮದ್ದು ಮುಂದಿನ ಸ್ಪ್ರಾಕೆಟ್ಟಿನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆ ಮಾಡುವುದು. ಲೆಕ್ಕ ನೋಡಿ. ಮುಂದೆ 13, ಹಿಂದೆ 40 ಹಲ್ಲಿದ್ದರೆ ಅನುಪಾತ 3.08. ಮುಂದೆ 12 ಹಾಕಿದರೆ 3.33. ಇದೇ ಫಲ ಹಿಂದಿನಿಂದ ಬೇಕೆಂದರೆ 43 ಹಲ್ಲಿನದು ಹಾಕಬೇಕು. ಮುಂದೆ ಒಂದು ಹಲ್ಲು ಇಳಿಸಿದರೆ ಹಿಂದೆ ಮೂರು ಏರಿಸಿದಷ್ಟು. ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಜಾಸ್ತಿ ಕೂಗುತ್ತದೆ, ಸ್ಪೀಡೋಮೀಟರ್ ಗೇರ್‌ಬಾಕ್ಸಿನಿಂದ ಓದುವಂಥದಾದರೆ ತಪ್ಪು ತೋರಿಸುತ್ತದೆ, ಅಷ್ಟೇ.

ಸ್ಪರ್ಧೆಗೆಂದು ಮಾಡಿದ ಎಂಡ್ಯೂರೋ ಬೈಕುಗಳಿಗೂ ಕೆಲವು ದೇಶಗಳಲ್ಲಿ ನಂಬರ್ ಪ್ಲೇಟ್ ಸಿಗುತ್ತದೆ. 110 ಕೆಜಿಯ ಆಸುಪಾಸಿನ ತೂಕ ನೋಡಿ ಆಸೆ ಆಗುವುದು ಸಹಜ. ಆದರೆ ಅವುಗಳ ಆಯಿಲ್ ಬದಲಿಸುವ ಲೆಕ್ಕ ಗಂಟೆಗಳಲ್ಲಿ ಇರುತ್ತದೆ, ಸಾವಿರ ಕಿಲೋಮೀಟರ್‌ಗಳಲ್ಲಿ ಅಲ್ಲ. ಮೊದಲ ಬೈಕಿಗೆ ಇದು ಬೇಡವೇ ಬೇಡ. ವಾರದಲ್ಲಿ ಒಂದು ದಿನ ಸಮಯ ಸಿಕ್ಕಾಗ ನೀವು ಓಡಿಸಬೇಕು, ಸ್ಪ್ಯಾನರ್ ಹಿಡಿದು ಕೂರಬಾರದು.

ಹೆಜ್ಜೆ 5: ಚಕ್ರ, ಟೈರು, ಸಸ್ಪೆನ್ಷನ್

ಮುಂದೆ 21 ಇಂಚು, ಹಿಂದೆ 18 ಇಂಚು, ಎರಡೂ ಕಡ್ಡಿ ಚಕ್ರ. ಇದು ಮಣ್ಣಿನ ಬೈಕಿನ ಹಳೆಯ ಅಳತೆ. ಮುಂದಿನ ಚಕ್ರ ದೊಡ್ಡದಾದಷ್ಟೂ ಕಲ್ಲು, ಬೇರು ಸುಲಭವಾಗಿ ಹತ್ತುತ್ತದೆ. ಈ ಅಳತೆಯಲ್ಲಿ ಟೈರಿನ ಆಯ್ಕೆಯೂ ಜಾಸ್ತಿ. ಎರಕದ ಅಲಾಯ್ ಚಕ್ರ ಕಲ್ಲಿಗೆ ಬಡಿದರೆ ಬಿರುಕು ಬಿಡಬಹುದು, ಕಡ್ಡಿ ಚಕ್ರ ಬಾಗುತ್ತದೆ, ಬಾಗಿದ್ದನ್ನು ಸರಿ ಮಾಡಿಸಬಹುದು.

ಟೈರಿನ ಗಾಳಿ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಖರ್ಚೇ ಇಲ್ಲದೆ ಬೈಕು ಬದಲಾದಂತೆ ಅನಿಸುವುದು ಇದರಿಂದ. ರಸ್ತೆಗೆ ಕಂಪನಿ ಹೇಳಿದಷ್ಟು ಗಾಳಿ ಇರಲಿ. ಕಾಲುದಾರಿ ಶುರುವಾಗುವಲ್ಲಿ ನಿಲ್ಲಿಸಿ 15ರಿಂದ 18 ಪಿಎಸ್‌ಐಗೆ ಇಳಿಸಿ. ಟೈರು ಮೆತ್ತಗಾಗಿ ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಹಿಡಿತ ಎಷ್ಟು ಹೆಚ್ಚುತ್ತದೆ ಎಂದರೆ ಒಂದೇ ಏರನ್ನು ಮೊದಲೂ ಆಮೇಲೂ ಹತ್ತಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ಸೀಳು ಬೀಳುತ್ತದೆ. 12ಕ್ಕಿಂತ ಕೆಳಗೆ ಹೋಗುವುದಾದರೆ ಟೈರನ್ನು ರಿಮ್ಮಿಗೆ ಬಿಗಿಯಾಗಿ ಒತ್ತಿ ಹಿಡಿಯುವ ರಿಮ್ ಲಾಕ್ ಇರಲೇಬೇಕು, ಇಲ್ಲದಿದ್ದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತದೆ. ವಾಪಸು ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿ. ಹಾಗಾಗಿ ಚೀಲದಲ್ಲಿ ಒಂದು ಸಣ್ಣ ಪಂಪು ಮತ್ತು ಗೇಜು ಯಾವಾಗಲೂ ಇರಲಿ.

ಸಸ್ಪೆನ್ಷನ್ನಿನ ಆಟ, ಅಂದರೆ ಅದು ಮೇಲೆ ಕೆಳಗೆ ಚಲಿಸುವ ಒಟ್ಟು ದೂರ, 200 ಮಿಮೀ ಆಸುಪಾಸು ಇದ್ದರೆ ಕಲಿಯಲು ಧಾರಾಳವಾಯಿತು. ಆಟ ಎಷ್ಟಿದೆ ಎನ್ನುವುದಕ್ಕಿಂತ ಸ್ಪ್ರಿಂಗು ನಿಮ್ಮ ತೂಕಕ್ಕೆ ಹೊಂದುತ್ತದೆಯೇ ಎಂಬುದು ಮುಖ್ಯ. ನೀವು ಹೆಲ್ಮೆಟ್, ಬೂಟು ಸಮೇತ ಸವಾರಿಯ ಉಡುಪೆಲ್ಲ ಹಾಕಿಕೊಂಡು ಕೂತಾಗ ಒಟ್ಟು ಆಟದ ಮೂರನೇ ಒಂದು ಭಾಗದಷ್ಟು ಕುಸಿಯಬೇಕು. 250 ಮಿಮೀ ಆಟವಿದ್ದರೆ ಸುಮಾರು 80 ಮಿಮೀ. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಎಂಬ ಹೊಂದಾಣಿಕೆ) ತಿರುಗಿಸಿದರೂ ಅದಕ್ಕಿಂತ ಬಹಳ ಜಾಸ್ತಿ ಕುಸಿಯುತ್ತಿದ್ದರೆ ಗಟ್ಟಿ ಸ್ಪ್ರಿಂಗು ಬೇಕು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಹಿಂದಿನದನ್ನು ಆಫ್ ಮಾಡಲು ಬರುತ್ತದೆಯೇ ಕೇಳಿ. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಹಿಂದಿನ ಎಬಿಎಸ್ ಬ್ರೇಕನ್ನು ಬಿಡುತ್ತಾ ಹಿಡಿಯುತ್ತಾ ಹೋದರೆ ಬೈಕು ನಿಲ್ಲುವುದೇ ಇಲ್ಲ ಎನಿಸುತ್ತದೆ.

ಹೆಜ್ಜೆ 6: ಯಾವ ಯಾವ ಬೈಕು ನೋಡಬಹುದು

ಎಲ್ಲ ಬೈಕೂ ಎಲ್ಲ ಕಡೆ ಸಿಗುವುದಿಲ್ಲ, ತೂಕದ ಅಂಕಿಯೂ ಮಾದರಿ, ವರ್ಷಕ್ಕೆ ತಕ್ಕಂತೆ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ನಿಮಗೆ ಸಿಗುವುದರಲ್ಲಿ ಹೋಲಿಸಿ ನೋಡಿ.

ತೀರಾ ಅಂಜಿಕೆ ಇರುವವರಿಗೆ, ಕುಳ್ಳಗಿರುವವರಿಗೆ ಯಮಹಾ ಟಿಡಬ್ಲ್ಯೂ200. ಇದು 1987ರಿಂದ ಹೆಚ್ಚೇನೂ ಬದಲಾಗದೆ ಬಂದಿರುವ ಬೈಕು. 196 ಸಿಸಿ, ಏರ್ ಕೂಲ್ಡ್, ಸುಮಾರು 126 ಕೆಜಿ, ಸೀಟು 790 ಮಿಮೀ. ಮುಂದಿನ ಚಕ್ರ 18 ಇಂಚು, ಹಿಂದಿನದು 14 ಇಂಚಿನದು, 180 ಮಿಮೀ ಅಗಲದ ದಪ್ಪ ಟೈರು. 21-18 ಎಂದು ನಾನು ಹೇಳಿದ ನಿಯಮಕ್ಕೆ ಇದು ಹೊರತು, ಆದರೂ ಮರಳಿನಲ್ಲಿ, ಸಡಿಲ ಕಲ್ಲಿನಲ್ಲಿ ಇದು ಹೊಸಬರಿಗೆ ಕೊಡುವ ಭರವಸೆ ದೊಡ್ಡದು. ಹೆದ್ದಾರಿಗೆ ಇದು ಸಾಲದು.

ಎಕ್ಸ್‌ಟಿ250 ನನ್ನ ಮಟ್ಟಿಗೆ ಹೊಸಬರಿಗೆ ಎಲ್ಲದಕ್ಕಿಂತ ಹದವಾದ ಬೈಕು. 249 ಸಿಸಿ, 2013ರಿಂದ ಇಂಜೆಕ್ಷನ್, ಸೀಟು 810 ಮಿಮೀ. ಅವಸರ ಇಲ್ಲದ ಎಂಜಿನ್, ಯಾವುದಕ್ಕೂ ಹಠ ಮಾಡುವುದಿಲ್ಲ.

ಕವಾಸಕಿ ಕೆಎಲ್‌ಎಕ್ಸ್230ರಲ್ಲಿ 233 ಸಿಸಿಯ ಏರ್ ಕೂಲ್ಡ್ ಎಂಜಿನ್. ಮೊದಲು ಬಂದಾಗ ಸೀಟು 885 ಮಿಮೀ ಇತ್ತು. ಆಮೇಲೆ ಬಂದ ಎಸ್ ಮಾದರಿಯಲ್ಲಿ ಸುಮಾರು 5 ಸೆಂಟಿಮೀಟರ್ ಕಡಿಮೆ. ಸ್ವಲ್ಪ ಮಣ್ಣಿನ ಕಡೆಗೆ ವಾಲಿದ ಬೈಕು ಇದು.

ಹೆದ್ದಾರಿಯೂ ಬೇಕು ಅನ್ನುವವರಿಗೆ ಹೋಂಡಾ ಸಿಆರ್‌ಎಫ್300ಎಲ್ ಮತ್ತು ಕವಾಸಕಿ ಕೆಎಲ್‌ಎಕ್ಸ್300. ಎರಡೂ ಲಿಕ್ವಿಡ್ ಕೂಲ್ಡ್, ಎರಡರಲ್ಲೂ ಆರು ಗೇರು. ಹೋಂಡಾ 286 ಸಿಸಿ, 142 ಕೆಜಿ, ಕ್ಲಚ್ ಬಹಳ ಹಗುರ, ಹಿಂದಿನ ಎಬಿಎಸ್ ಆಫ್ ಮಾಡಬಹುದು. ಸಸ್ಪೆನ್ಷನ್ ಮೆತ್ತಗೆ, ದಪ್ಪಗಿರುವವರು ಸ್ಪ್ರಿಂಗು ಬದಲಿಸಬೇಕಾಗುತ್ತದೆ. ಟ್ಯಾಂಕು 7.8 ಲೀಟರ್ ಮಾತ್ರ. ಕೆಎಲ್‌ಎಕ್ಸ್300 ಸುಮಾರು 137 ಕೆಜಿ, ಸೀಟು 890 ಮಿಮೀ ಆಸುಪಾಸು, ಸಸ್ಪೆನ್ಷನ್ ಹೋಂಡಾದ್ದಕ್ಕಿಂತ ಬಿಗಿ.

ಹೀರೋ ಎಕ್ಸ್‌ಪಲ್ಸ್ 200 4ವಿ ನನ್ನ 145 ಕೆಜಿಯ ಗೆರೆಯನ್ನು ದಾಟುತ್ತದೆ, ಸುಮಾರು 158 ಕೆಜಿ. ಆದರೆ ಸೀಟು 825 ಮಿಮೀ, 21-18 ಚಕ್ರ, ನೆಲದಿಂದ 220 ಮಿಮೀ ಅಂತರ, ಹೊಂದಿಕೊಳ್ಳುವ ಎಂಜಿನ್. ಸಿಗುವ ಕಡೆ ಇದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ, ಕಲಿಯಲು ಒಳ್ಳೆಯ ಬೈಕು.

ಸುಜುಕಿ ಡಿಆರ್-ಝಡ್400ಎಸ್ 2000ದಿಂದ ಎಷ್ಟೋ ಜನರ ಮೆಚ್ಚಿನ ಬೈಕು. ಸೀಟು 935 ಮಿಮೀ. ಅದು ನಿಮ್ಮ ಎರಡನೆಯ ಬೈಕಾಗಲಿ.

ಹೆಜ್ಜೆ 7: ಹಳೆಯದು ಕೊಳ್ಳುವಾಗ

ಮೊದಲ ಬೈಕು ಹಳೆಯದಾಗಿರುವುದೇ ಒಳ್ಳೆಯದು ಎಂದು ನಾನು ನಂಬುತ್ತೇನೆ. ಹೊಸ ಬೈಕನ್ನು ಗೀರು ಬೀಳುವ ಭಯದಲ್ಲಿ ಓಡಿಸಿದರೆ ಕಲಿಕೆ ನಿಧಾನ. ಪ್ಲಾಸ್ಟಿಕ್ಕಿನ ಮೇಲಿನ ಗೀರು ನೋಡಿ ಹೆದರಬೇಡಿ, ನೋಡಬೇಕಾದದ್ದು ಬೇರೆ.

ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗುವುದಿಲ್ಲವೇನೋ ಎಂದು ಅನುಮಾನಿಸಿ, ಕಾಯಿರಿ. ಸ್ಟಾರ್ಟ್ ಮಾಡಿದ ಮೇಲೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ, ಅಲ್ಲಿಂದ ಎದ್ದು ಬನ್ನಿ. ಏರ್ ಫಿಲ್ಟರ್ ಡಬ್ಬಿ ತೆಗೆಸಿ ನೋಡಿ. ಫಿಲ್ಟರಿನ ಒಳಬದಿಯಲ್ಲಿ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ದೂಳಿದ್ದರೆ ಎಂಜಿನ್ ಅದನ್ನು ತಿಂದಿದೆ. ಮಣ್ಣಿನ ಬೈಕಿನಲ್ಲಿ ಎಂಜಿನ್ ಸವೆಯುವುದು ಹೆಚ್ಚಾಗಿ ಹೀಗೆಯೇ, ಮಾರುವವರು ಏನೇ ಹೇಳಲಿ ಆ ಕೊಳವೆ ಸುಳ್ಳು ಹೇಳುವುದಿಲ್ಲ.

ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವೆ ಕಚ್ಚಿದಂತೆ ನಿಂತರೆ ಬೇರಿಂಗ್ ಹೋಗಿದೆ. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲುಗಿಸಿ, ಲೊಡಲೊಡ ಅಂದರೆ ಚಕ್ರದ ಅಥವಾ ಅದನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬೇರಿಂಗ್ ಹೋಗಿದೆ. ಸ್ಪ್ಯಾನರಿನಿಂದ ಪ್ರತಿ ಕಡ್ಡಿಯನ್ನೂ ಮೀಟಿ, ಟಣ್ ಎಂದರೆ ಸರಿ, ಡಬ್ ಎಂದರೆ ಸಡಿಲ. ಹಿಂದಿನ ಸ್ಪ್ರಾಕೆಟ್ಟಿನ ಮೇಲಿನ ಚೈನನ್ನು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧ ಕಂಡರೆ ಚೈನ್ ಸೆಟ್ ಮುಗಿದಿದೆ, ಬೆಲೆಯಲ್ಲಿ ಇಳಿಸಿಕೊಳ್ಳಿ. ಫೋರ್ಕಿನ ಮೇಲೆ ಎಣ್ಣೆ ಜಿನುಗಿದ್ದರೂ ಹಾಗೆಯೇ. ಆದರೆ ಗೇರ್ ಲಿವರ್ ಬಳಿ ಎಂಜಿನ್ ಕವಚಕ್ಕೆ ಬಿರುಕು, ಫುಟ್‌ಪೆಗ್ ಕೂರುವ ಜಾಗದಲ್ಲಿ ಫ್ರೇಮಿಗೆ ಹೊಸ ವೆಲ್ಡಿಂಗು ಕಂಡರೆ ಬೇಡ. ಚಾಸಿ ನಂಬರು, ಎಂಜಿನ್ ನಂಬರು ಕಾಗದದ ಜೊತೆ ಹೊಂದಬೇಕು, ಇದರಲ್ಲಿ ರಾಜಿ ಇಲ್ಲ.

ಹೆಜ್ಜೆ 8: ಬೈಕಿಗೇ ಎಲ್ಲ ಹಣ ಹಾಕಬೇಡಿ

ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹೆಲ್ಮೆಟ್ ಹೇಗೂ ತಗೊಳ್ಳುತ್ತೀರಿ, ಬೂಟು ಮರೆಯುತ್ತೀರಿ. ಬೈಕು ಕಾಲಿನ ಮೇಲೆ ಬೀಳುವುದು ಕಾಲುದಾರಿಯಲ್ಲಿ ಮಾಮೂಲು. ಗಟ್ಟಿಯಾದ ಉದ್ದ ಮೋಟೋಕ್ರಾಸ್ ಬೂಟು ಇದ್ದರೆ ಎದ್ದು ಮುಂದೆ ಹೋಗುತ್ತೀರಿ, ಸ್ನೀಕರ್ಸ್ ಇದ್ದರೆ ಕಣಕಾಲು ಮುರಿಯುತ್ತದೆ. ಮಂಡಿಯ ಗಾರ್ಡು, ಕೈಗವಸು, ಎದೆ-ಬೆನ್ನಿನ ಕವಚ ಆಮೇಲೆ. ಇಷ್ಟಕ್ಕೆ ಹಣ ಉಳಿಯುವುದಿಲ್ಲ ಅಂದರೆ ಇನ್ನೂ ಅಗ್ಗದ ಬೈಕು ನೋಡಿ.

ಬೈಕಿಗೆ ಮೊದಲು ಹಾಕಿಸಬೇಕಾದದ್ದು ಮೂರೇ: ಅಲ್ಯೂಮಿನಿಯಂ ಒಳಪಟ್ಟಿ ಇರುವ ಹ್ಯಾಂಡ್ ಗಾರ್ಡು, ಎಂಜಿನ್ನಿನ ಅಡಿಗೆ ಬ್ಯಾಶ್ ಪ್ಲೇಟು, ಗೊಂಚಲು ಗೊಂಚಲಾಗಿ ಹಲ್ಲಿರುವ ಟೈರು. ಸೈಲೆನ್ಸರ್ ಬದಲಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಕಾಡಿನ ಅಂಚಿನ ಜನರಿಗೂ ಪ್ರಾಣಿಗಳಿಗೂ ಅದರ ಸದ್ದಿನಿಂದ ತೊಂದರೆ, ದಾರಿಗಳನ್ನು ಮುಚ್ಚಿಸುವುದಕ್ಕೂ ಆ ಸದ್ದೇ ಕಾರಣವಾಗುತ್ತದೆ.

ಹೆಜ್ಜೆ 9: ಮನೆಗೆ ತಂದ ಮೇಲೆ

ಫುಟ್‌ಪೆಗ್ ಮೇಲೆ ನಿಂತು ಹ್ಯಾಂಡಲ್ ಹಿಡಿಯಿರಿ. ಬೆನ್ನು ತುಂಬ ಬಾಗುತ್ತಿದ್ದರೆ ಹ್ಯಾಂಡಲನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ. ನಿಂತಾಗಲೂ ಬ್ರೇಕು, ಕ್ಲಚ್ಚಿಗೆ ಬೆರಳು ನೇರವಾಗಿ ಎಟುಕುವಂತೆ ಲಿವರುಗಳನ್ನು ಕೆಳಕ್ಕೆ ತಿರುಗಿಸಿ. ಲಿವರಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ, ಬಿದ್ದಾಗ ಮುರಿಯುವ ಬದಲು ತಿರುಗುತ್ತದೆ. ಮೊದಲ ಸವಾರಿ ಮುಗಿಸಿ ಬಂದ ಮೇಲೆ ಕಡ್ಡಿ, ಚೈನು, ಬೋಲ್ಟುಗಳನ್ನು ಒಮ್ಮೆ ನೋಡಿ.

ಕಾಲುದಾರಿಗೆ ಹೋಗುವ ಮುಂಚೆ ಒಂದು ಬೆಳಿಗ್ಗೆ ಹುಲ್ಲಿರುವ ಖಾಲಿ ಮೈದಾನಕ್ಕೆ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು. ಎಂಜಿನ್ ಆಫ್ ಮಾಡಿ, ಬೈಕನ್ನು ಮೆಲ್ಲಗೆ ಎಡಕ್ಕೆ ಮಲಗಿಸಿ. ಗೇರಿನಲ್ಲಿ ಇರಲಿ, ಉರುಳುವುದಿಲ್ಲ. ನೆಲದ ಕಡೆಯ ಹ್ಯಾಂಡಲ್ ತುದಿಯನ್ನು ಒಂದು ಕೈಯಲ್ಲಿ, ಸೀಟಿನ ಹಿಂಭಾಗದ ಗಟ್ಟಿ ಜಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು ಕಾಲಿನ ಬಲದಿಂದ ಎತ್ತಿ. ಬಲಕ್ಕೆ ಮಲಗಿಸುವಾಗ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ, ಎತ್ತಿದ ಮೇಲೆ ಆ ಕಡೆ ನಿಲ್ಲಲು ಬೇಕು. ಇಳಿಜಾರಿನಲ್ಲಿ ಬಿದ್ದರೆ ಎತ್ತುವ ಮುಂಚೆ ಬೈಕನ್ನು ಮಲಗಿದಂತೆಯೇ ಎಳೆದು, ಚಕ್ರಗಳು ಇಳಿಜಾರಿನ ಕೆಳಗಡೆಗೆ ಬರುವಂತೆ ತಿರುಗಿಸಿ, ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಎಡಕ್ಕೆ ಐದು ಸಲ, ಬಲಕ್ಕೆ ಐದು ಸಲ. ಜೊತೆಗೆ ಬಂದವರು ಸುಮ್ನೆ ನೋಡುತ್ತಾ ನಿಲ್ಲಲಿ, ಕೈ ಹಚ್ಚುವುದು ಬೇಡ.